ಹದಿನಾರು ಅಡಿಯ ಮನೆ

ಜನವರಿ 14

ಈ ಪುಸ್ತಕ ಇರುವುದು ಬೇಸಿಗೆಯ ಪ್ರಯಾಣಗಳಿಗೆ. ಯಾವ ಕ್ಯಾಂಪು, ಎಷ್ಟನೇ ನಂಬರಿನ ಜಾಗ, ಸೊಳ್ಳೆ ಹೇಗಿತ್ತು, ಪಕ್ಕದವರ ನಾಯಿ ಬೊಗಳಿತೋ ಇಲ್ಲವೋ. ಇಪ್ಪತ್ತು ವರ್ಷದಿಂದ ಇಷ್ಟನ್ನೇ ಬರೆದಿದ್ದೇನೆ. ಇವತ್ತು ಅಡುಗೆಮನೆಯ ಕಿಟಕಿಯ ಹೊರಗೆ ಸೊಂಟದೆತ್ತರ ಹಿಮ, ಎಡಕ್ಕೆ ಹಬೆಸ್ನಾನದ ಸೌನಾ ಮನೆಯ ಹೊಗೆ, ಬಲಕ್ಕೆ ಬರ್ಚ್ ಮರಗಳು, ಅವುಗಳಾಚೆ ಸುಪೀರಿಯರ್ ಸರೋವರ ಹೆಪ್ಪುಗಟ್ಟಿ ಬೆಳ್ಳಗೆ ಬಿದ್ದಿದೆ. ಪ್ರಯಾಣಕ್ಕೆ ಇನ್ನೂ ಐದು ತಿಂಗಳಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಬೇರೆ ಯಾರಿಗೂ ಹೇಳುವ ಹಾಗಿಲ್ಲ.

ಕಣ್ಣಿನ ಡಾಕ್ಟರು ಸುತ್ತಿಬಳಸಿ ಹೇಳಲಿಲ್ಲ. ನನ್ನ ನೋಟ ಅಂಚುಗಳಿಂದ ಒಳಕ್ಕೆ ಸಾಯುತ್ತಿದೆಯಂತೆ. ಕೊಳವೆಯೊಳಗಿಂದ ನೋಡಿದ ಹಾಗೆ ಆಗುತ್ತದಂತೆ, ಕೊಳವೆ ಸಣ್ಣದಾಗುತ್ತಾ ಹೋಗುತ್ತದಂತೆ. ಮದ್ದಿಲ್ಲ. ಕತ್ತಲಲ್ಲಿ ಗಾಡಿ ಓಡಿಸಕೂಡದು. ಜೂನ್ ಕೊನೆಯಲ್ಲಿ ಲೈಸೆನ್ಸಿನ ಕಣ್ಣಿನ ಪರೀಕ್ಷೆ ಇದೆ, ಅದರಲ್ಲಿ ಪಾಸಾಗುವ ಆಸೆ ಬೇಡ ಎಂದರು. ಒಂದು ಕಾಗದ ಕೊಟ್ಟರು. ಅದು ಈ ಪುಸ್ತಕದ ಹಿಂದಿನ ಜೇಬಿನಲ್ಲಿದೆ. ಮನೆಗೆ ಬಂದು ಹೆಂಡತಿ ಗ್ಲೆಂಡಳಿಗೆ, "ಕನ್ನಡಕದ ನಂಬರ್ ಬದಲಾಗಿದೆ, ಅಷ್ಟೇ," ಎಂದೆ.

ನಮ್ಮ ಐನೋ ಮಾವನಿಗೆ ಇದೇ ಆಗಿತ್ತು. ಅಮ್ಮನ ಅಣ್ಣ. ಮನೆಯ ಬಾಗಿಲಿನಿಂದ ಸೌನಾದವರೆಗೆ ಒಂದು ಹಗ್ಗ ಕಟ್ಟಿಕೊಂಡು, ಅದನ್ನು ಹಿಡಿದು ತಡವರಿಸುತ್ತಾ ಹೋಗುತ್ತಿದ್ದ. ನಾವು ಹುಡುಗರು ಹಿಂದಿನಿಂದ ಅವನ ನಡಿಗೆಯನ್ನು ಅಣಕಿಸುತ್ತಿದ್ದೆವು. ಆ ಕಥೆಯನ್ನು ನನ್ನ ಮಕ್ಕಳಿಗೂ ಊಟದ ಮೇಜಿನಲ್ಲಿ ತಮಾಷೆಯಾಗಿ ಹೇಳಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನನಗೆ ಇದೊಂದು ಬೇಸಿಗೆ ಸಾಕು. ಗ್ಲೆಂಡ, ಮಕ್ಕಳು ಕೈಸ, ಟಿಲ್ಲಿ ಮೂವರನ್ನೂ ಕೂರಿಸಿಕೊಂಡು, ಹಾಸಿಗೆ-ಒಲೆ ಇರುವ ನಮ್ಮ ಟ್ರೇಲರ್ ಎಳೆದುಕೊಂಡು, ಸರೋವರದ ಸುತ್ತ ಒಂದು ಸುತ್ತು ನಾನೇ ಓಡಿಸುತ್ತೇನೆ. ಆಮೇಲೆ ಹೇಳುತ್ತೇನೆ.

ಜನವರಿ 23

ಹಿಂದಿನ ಅಂಗಳದಲ್ಲಿ ನಿಲ್ಲಿಸಿದ್ದ ಹಳೇ ಟ್ರೇಲರಿನ ಚಾವಣಿ ಹಿಮದ ಭಾರಕ್ಕೆ ಕುಸಿದುಬಿತ್ತು. ಪ್ರತಿ ಹಿಮಪಾತದ ಮಾರನೇ ದಿನ ಅದರ ನೆತ್ತಿ ಗುಡಿಸಬೇಕೆಂದು ಈ ಕಡೆಯ ಮಗುವಿಗೂ ಗೊತ್ತು. ನಾನು ಗುಡಿಸಿದ್ದೆ. ಎಡಗಡೆಯ ಅರ್ಧ ಹಾಗೇ ಉಳಿದಿತ್ತೆಂದು ಕೈಸ ಹೇಳುತ್ತಾಳೆ. ಹದಿನಾಲ್ಕು ವರ್ಷಕ್ಕೆ ಈ ಹುಡುಗಿಗೆ ಬಾಯಿ ಬಹಳ.

ಹೊಸದು ತೆಗೆದುಕೊಳ್ಳಲೇಬೇಕು.

ಫೆಬ್ರವರಿ 2, ಭಾನುವಾರ

ಗ್ಲೆಂಡ ಏಲಕ್ಕಿ ಬ್ರೆಡ್ ಕೊಯ್ದಿಟ್ಟು, ಟ್ರೇಲರುಗಳ ಚಿತ್ರಗಳನ್ನು ಮೇಜಿನ ತುಂಬ ಹರಡಿದಳು. ಎಲ್ಲವೂ ಚಿಕ್ಕವು, ಹಗುರದವು.

"ಇದೇನು ಕೋಳಿಗೂಡಾ?" ಎಂದೆ.

"ಹದಿನಾರು ಅಡಿ. ನಾಲ್ಕು ಜನಕ್ಕೆ ಹಾಸಿಗೆ ಇದೆ. ಸಾಮಾನು ತುಂಬಿದ್ರೂ ಮೂರು ಸಾವಿರದ ಇನ್ನೂರು ಪೌಂಡು ದಾಟಲ್ಲ. ನನ್ನ ಕಾರು ಮೂರೂವರೆ ಸಾವಿರ ಎಳೆಯುತ್ತೆ."

"ನಿನ್ನ ಕಾರು ಯಾಕೆ ಎಳೀಬೇಕು? ನನ್ನ ಪಿಕಪ್ ಏನು ಸತ್ತುಹೋಗಿದ್ಯಾ?"

"ಹಗುರ ಇದ್ರೆ ಯಾರು ಬೇಕಾದ್ರೂ ಎಳೀಬಹುದಲ್ಲ ಅಂತ ಹೇಳ್ದೆ, ಅರ್ವಿಡ್. ಅದಕ್ಯಾಕೆ ಮೈಮೇಲೆ ಬರ್ತೀಯ?"

ನಾನು ಇಪ್ಪತ್ತಾರು ಅಡಿಯದೊಂದರ ಮೇಲೆ ಬೆರಳಿಟ್ಟೆ. ಐದು ಸಾವಿರದ ನಾನೂರು ಪೌಂಡು. ಗಂಡಸು ಎಳೆಯುವ ಗಾಡಿ. ಗ್ಲೆಂಡ ನನ್ನ ಕಾಫಿಯನ್ನು ತಂದು, ಈಚೆಗೆ ಯಾವಾಗಲೂ ಇಡುವ ಜಾಗದಲ್ಲೇ ಇಟ್ಟಳು, ನನ್ನ ಮೂಗಿನ ನೇರಕ್ಕೆ. ಅವಳಿಗೆ ಈಗೀಗ ಶಿಸ್ತಿನ ಹುಚ್ಚು ಹಿಡಿದಿದೆ. ಕಪಾಟಿನ ಬಾಗಿಲು ತೆರೆದು ಬಿಟ್ಟರೆ, ಬೂಟು ದಾರಿಯಲ್ಲಿ ಬಿಟ್ಟರೆ ಮಕ್ಕಳಿಗೆ ಬೈಗುಳವೋ ಬೈಗುಳ.

ಫೆಬ್ರವರಿ 20

ರಸ್ತೆಯ ಹಿಮ ತಳ್ಳುವ ನನ್ನ ಲಾರಿಯ ಬದಿಗೆ ಚಾಚಿದ ಕಬ್ಬಿಣದ ರೆಕ್ಕೆಗೆ ಸಿಕ್ಕಿ ಇವತ್ತು ರಸ್ತೆಯಂಚಿನಲ್ಲಿದ್ದ ಮತ್ತೊಬ್ಬರ ಅಂಚೆ ಪೆಟ್ಟಿಗೆ ಹಾರಿಹೋಯಿತು. ಈ ಚಳಿಗಾಲದಲ್ಲಿ ಮೂರನೆಯದು. ಮೂರೂ ಬಲಗಡೆಯವು. ಇಪ್ಪತ್ತಮೂರು ವರ್ಷದಲ್ಲಿ ಒಂದನ್ನೂ ಮುಟ್ಟಿರಲಿಲ್ಲ.

"ಆ ಮುದುಕಿ ಪೆಟ್ಟಿಗೇನ ರಸ್ತೆ ಮಧ್ಯಕ್ಕೇ ನೆಟ್ಟಿದ್ದಾಳೆ," ಎಂದೆ ನಮ್ಮ ಮೇಸ್ತ್ರಿ ಲೆಸ್ಟರ್‌ಗೆ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ," ಎಂದ ಲೆಸ್ಟರ್. ಆಮೇಲೆ ನಗು ನಿಲ್ಲಿಸಿ, "ಅರ್ವಿಡ್, ಚಳಿಗಾಲ ಮುಗಿಯೋವರೆಗೂ ರಿಪೇರಿ ಶೆಡ್ಡಿನಲ್ಲಿರು. ಯಾರಿಗೂ ಏನೂ ಹೇಳಲ್ಲ," ಎಂದ.

ಹೂಂ ಎಂದೆ. ಶೆಡ್ಡಿನಲ್ಲಿ ಬೆಚ್ಚಗಿರುತ್ತದೆ. ಆದರೆ ನಸುಕಿನಲ್ಲಿ ಹೊಸ ಹಿಮದ ಮೇಲೆ ಮೊದಲ ಗೆರೆ ಎಳೆಯುವವನು ಇನ್ನು ನಾನಲ್ಲ. ಸಂಜೆ ಟಿಲ್ಲಿ ಮೇಲೆ ಸುಮ್ಮಸುಮ್ಮನೆ ರೇಗಿದೆ. ಕೈಲಾಗದವನು ಮೈ ಪರಚಿಕೊಂಡ ಅನ್ನುವುದು ಇದಕ್ಕೇ.

ಮಾರ್ಚ್ 22, ಶನಿವಾರ

ಬರ್ನೀಸಳ ಟ್ರೇಲರ್ ಮಾರುವ ಬಯಲಿಗೆ ಹೋಗಿದ್ದೆವು. ಎಪ್ಪತ್ತು ದಾಟಿದ ಹೆಂಗಸು, ಗಂಡ ಹೋದ ಮೇಲೆ ಒಬ್ಬಳೇ ವ್ಯಾಪಾರ ನಡೆಸುತ್ತಾಳೆ. ಬಾಯಿಗೆ ಬೀಗ ಇಲ್ಲ.

"ಮೊದಲು ಬೂಟು ಬಿಚ್ಚಿ. ನಾಲ್ಕೂ ಜನ ಹಾಸಿಗೆ ಮೇಲೆ ಮಲಗಿ ನೋಡಿ," ಎಂದಳು. "ಚಿತ್ರ ನೋಡಿ ಟ್ರೇಲರ್ ತಗೊಳ್ಳೋದೂ ಒಂದೇ, ಫೋಟೋ ನೋಡಿ ಮದುವೆ ಆಗೋದೂ ಒಂದೇ."

"ನಾನು ಹಾಗೇ ಆಗಿದ್ದು," ಎಂದಳು ಗ್ಲೆಂಡ.

"ಅದಕ್ಕೇ ಹೇಳ್ತಿರೋದು ಕಣಮ್ಮಾ."

ಮೂವರೂ ನನ್ನನ್ನು ನೋಡಿ ನಕ್ಕರು. ಮೂವರೋ ನಾಲ್ವರೋ, ಕೈಸ ಎಲ್ಲಿ ನಿಂತಿದ್ದಳೋ ಗೊತ್ತಾಗಲಿಲ್ಲ, ನಗು ಮಾತ್ರ ಕೇಳಿಸಿತು.

ಬರ್ನೀಸಳದೊಂದು ಪದ್ಧತಿ ಇದೆ. ಮನೆಮಂದಿಯನ್ನೆಲ್ಲ ಟ್ರೇಲರಿನೊಳಗೆ ಬಿಟ್ಟು ಬಾಗಿಲು ಹಾಕುತ್ತಾಳೆ. "ಹೊರಗೆ ಧೋ ಅಂತ ಮಳೆ ಬರ್ತಿದೆ ಅಂದ್ಕೊಳ್ಳಿ. ಅರ್ಧ ಗಂಟೆ. ಆಮೇಲೂ ಒಬ್ಬರಿಗೊಬ್ಬರು ಮಾತಾಡ್ಕೊಂಡು ಹೊರಗೆ ಬಂದ್ರೆ ಗಾಡಿ ನಿಮ್ಮದು."

ಇಪ್ಪತ್ತಾರು ಅಡಿಯದರಲ್ಲಿ ನಾನು ಎರಡು ಸಲ ಸೋಫಾದ ಮೂಲೆಗೆ ಮೊಣಕಾಲು ಬಡಿಸಿಕೊಂಡೆ, ಒಂದು ಸಲ ಮೆಟ್ಟಿಲು ತಪ್ಪಿದೆ. ಮಕ್ಕಳು ಆ ತುದಿಯಲ್ಲಿ ತಮ್ಮ ಪಾಡಿಗೆ ತಾವಿದ್ದರು. ಹದಿನಾರು ಅಡಿಯದರಲ್ಲಿ ನಾಲ್ವರ ಮೊಣಕಾಲೂ ಒಂದೇ ಮೇಜಿನ ಕೆಳಗೆ. ಕೂತಲ್ಲಿಂದ ಕೈ ಚಾಚಿದರೆ ಒಲೆ, ಇನ್ನೊಂದು ಕೈಗೆ ಬಾಗಿಲ ಹಿಡಿ, ಹಿಂದಕ್ಕೆ ಒರಗಿದರೆ ಹಾಸಿಗೆ. ಟಿಲ್ಲಿ ಇಸ್ಪೀಟು ತಂದಿದ್ದಳು. ಅರ್ಧ ಗಂಟೆ ಆಯಿತೆಂದು ಬರ್ನೀಸ್ ಬಾಗಿಲು ತಟ್ಟಿದಾಗ ಟಿಲ್ಲಿ, "ಇನ್ನೂ ಮಳೆ ನಿಂತಿಲ್ಲ!" ಎಂದು ಕೂಗಿದಳು. ಏಳು ವರ್ಷದ ಹುಡುಗಿಯ ಸುಳ್ಳು.

ನನಗೂ ಹಿತವಾಗಿತ್ತು, ಆದರೆ ಬಾಯಿಬಿಡಲಿಲ್ಲ. ಗ್ಲೆಂಡಳ ಕಾರು ಎಳೆಯಬಲ್ಲ ಡಬ್ಬಿಗೆ ನಾನೇಕೆ ಬೇಕು? ದೊಡ್ಡದನ್ನೇ ಎಳೆದು ನೋಡುತ್ತೇನೆ ಎಂದು ಬರ್ನೀಸಳಿಗೆ ಹೇಳಿ ಬಂದೆ.

ಏಪ್ರಿಲ್ 12

ಬರೆಯಬೇಕು. ಬರೆಯದಿದ್ದರೆ ನಾಳೆ ಇದನ್ನು ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ.

ದೊಡ್ಡ ಟ್ರೇಲರನ್ನು ನನ್ನ ಪಿಕಪ್ಪಿಗೆ ಸಿಕ್ಕಿಸಿ ಬಯಲಲ್ಲಿ ಒಂದು ಸುತ್ತು ಬಂದೆ. ಬರ್ನೀಸ್ "ಭೇಷ್" ಎಂದಳು. ಹಿಂದಕ್ಕೆ ತಂದು ನಿಲ್ಲಿಸಲು ಹೊರಟೆ. ಎರಡೂ ಕನ್ನಡಿ ನೋಡಿದೆ. ನೋಡಿದೆ. ಬಯಲು ಖಾಲಿ ಇತ್ತು.

ಟ್ರೇಲರಿನ ಮೈಮೇಲೆ ಎರಡು ಸಲ ಧಡ್ ಧಡ್ ಎಂದು ಬಡಿದ ಸದ್ದು. ಬ್ರೇಕ್ ಒತ್ತಿದೆ. ಇಳಿದು ಹೋದೆ. ಗ್ಲೆಂಡ ಟ್ರೇಲರಿಗೆ ಅಂಗೈ ಒತ್ತಿ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಹಿಂದಿನ ಚಕ್ರದಿಂದ ಎರಡು ಮಾರು ದೂರದಲ್ಲಿ ಟಿಲ್ಲಿ ಬಗ್ಗಿ, ಬಿದ್ದ ಕೈಗವಸು ಎತ್ತಿಕೊಳ್ಳುತ್ತಿದ್ದಳು. ಗುಲಾಬಿ ಕೋಟು. ಹಿಮದ ಮೇಲೆ ಗುಲಾಬಿ ಕೋಟು. ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು ಎಂದು ಬರ್ನೀಸ್ ಹೇಳಿದಳು.

ಯಾರೂ ನನ್ನನ್ನು ಬೈಯಲಿಲ್ಲ. ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು. "ನನ್ನ ಬೆನ್ನು ಹಿಡ್ಕೊಂಡಿದೆ, ನೀನೇ ಓಡಿಸು," ಎಂದು ಗ್ಲೆಂಡಳ ಕೈಗೆ ಕೀಲಿ ಕೊಟ್ಟೆ. ಅವಳು ಕೀಲಿ ತೆಗೆದುಕೊಂಡು, ನನ್ನ ಕೈಯನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ದಾರಿಯುದ್ದಕ್ಕೂ ಟಿಲ್ಲಿ ಏನೋ ಹಾಡು ಹೇಳುತ್ತಿದ್ದಳು.

ಏಪ್ರಿಲ್ 13

ಚರ್ಚಿಗೆ ಹೋಗಲಿಲ್ಲ.

ಏಪ್ರಿಲ್ 26

ಹದಿನಾರು ಅಡಿಯದನ್ನೇ ತೆಗೆದುಕೊಂಡೆವು. "ಹಗುರದ್ದು, ಪೆಟ್ರೋಲ್ ಉಳಿಯುತ್ತೆ," ಎಂದು ನಾನು ಕಾರಣ ಕೊಟ್ಟೆ. ಗ್ಲೆಂಡ ಒಪ್ಪಿಕೊಂಡಳು.

ಹೊರಡುವಾಗ ಬರ್ನೀಸ್ ಅವಳನ್ನು ಕರೆದು, "ಒಂದು ಮಾತು ಕೇಳಮ್ಮ. ಚಿಕ್ಕದು, ಸುಲಭ ಅಂತ ಎಲ್ರೂ ಮೋಸ ಹೋಗ್ತಾರೆ. ಮುಂದಕ್ಕೆ ಎಳೆಯೋಕೆ ಸುಲಭ. ಹಿಂದಕ್ಕೆ ಬರೋವಾಗ ಉದ್ದದ್ದಕ್ಕಿಂತ ಚಿಕ್ಕದೇ ಚಂಡಿ. ಕಣ್ಣು ಮಿಟುಕಿಸೋದ್ರಲ್ಲಿ ಸೊಟ್ಟ ತಿರುಗುತ್ತೆ," ಎಂದಳು.

ಇದು ನನಗೆ ಗೊತ್ತಿದ್ದದ್ದೇ. ಹಗುರ, ತೂಕ, ಹಾಸಿಗೆ ಎಂದು ತಲೆ ಕೆಡಿಸಿಕೊಂಡು ಅದೊಂದನ್ನು ಮರೆತಿದ್ದೆ. ಗ್ಲೆಂಡ ಹುಟ್ಟಿದಾಗಿನಿಂದ ಒಂದು ತಳ್ಳುಗಾಡಿಯನ್ನೂ ಹಿಂದಕ್ಕೆ ತಂದವಳಲ್ಲ.

ಈಗ ಲೆಸ್ಟರ್ ಬೆಳಗ್ಗೆ ಬಂದು ನನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋಗುತ್ತಾನೆ. ಇಬ್ಬರಿಗೂ ಒಂದೇ ದಾರಿ, ಎರಡು ಗಾಡಿ ಯಾಕೆ.

ಮೇ 4, ಭಾನುವಾರ

ಚರ್ಚಿನ ಹಿಂದಿನ ಖಾಲಿ ಜಾಗದಲ್ಲಿ ನಾಲ್ಕು ಬಕೆಟ್ ಇಟ್ಟು ಗ್ಲೆಂಡಳಿಗೆ ಪಾಠ. ಮೊದಲ ಗಂಟೆಯಲ್ಲಿ ನಾಲ್ಕೂ ಬಕೆಟ್ ಉರುಳಿದವು.

"ಎಡಕ್ಕೆ ಅಂದ್ನಲ್ಲೇ!"

"ಯಾರ ಎಡಕ್ಕೆ? ನಿನ್ನ ಎಡಕ್ಕಾ, ಗಾಡಿ ಎಡಕ್ಕಾ?"

"ದೇವರ ಎಡಕ್ಕೆ!"

ಅವಳು ಇಳಿದು ಬಂದು ಕಾರಿನ ಬಾಗಿಲನ್ನು ರಪ್ಪನೆ ಹಾಕಿದಳು. "ಇಪ್ಪತ್ತು ವರ್ಷ ನಾನು ಹಿಂದೆ ನಿಂತು ಕೈ ಬೀಸಿದೀನಿ. ಒಂದು ದಿನ ನಿನಗೆ ಹೀಗೆ ಕೂಗಿದ್ನಾ?" ಎಂದಳು. ಕೂಗಿದ್ದಳು, ಬೇಕಾದಷ್ಟು ಸಲ.

ಆಮೇಲೆ ಪಕ್ಕದ ಸೀಟಿನಲ್ಲಿ ಕೂತು ಅವಳ ಕೈ ಹಿಡಿದು ತೋರಿಸಿದೆ. ಸ್ಟಿಯರಿಂಗನ್ನು ಮೇಲೆ ಹಿಡಿಯಬಾರದು, ಕೆಳಗೆ ಹಿಡಿಯಬೇಕು. ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಬೇಕು. ಸ್ವಲ್ಪ, ಮತ್ತೂ ಸ್ವಲ್ಪ. ಕಣ್ಣು ಮುಚ್ಚಿಕೊಂಡು ಕೂತರೂ ಟ್ರೇಲರ್ ಸಿಕ್ಕಿಸಿದ ಕೊಕ್ಕೆಯ ಕಿರುಗುಟ್ಟುವಿಕೆಯಿಂದಲೇ ಅದು ಎಷ್ಟು ತಿರುಗಿದೆ ಎಂದು ನನಗೆ ತಿಳಿಯುತ್ತದೆ. ಇದು ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಕೊನೆಗೆ ಒಂದು ನಿಯಮ ಹೇಳಿದೆ. "ಹಿಂದೆ ನಿಂತವನು ಕನ್ನಡಿಯಲ್ಲಿ ಕಾಣದ ಕ್ಷಣ ಬ್ರೇಕ್ ಒತ್ತು. ಯಾಕೆ ಏನು ಅಂತ ಯೋಚಿಸ್ಬೇಡ."

"ಗೊತ್ತು," ಎಂದಳು.

ಮೇ 18

ಒಂದೂ ಬಕೆಟ್ ಉರುಳಲಿಲ್ಲ. ಕೈಸ ಚಪ್ಪಾಳೆ ಹೊಡೆದಳು. ಇವತ್ತು ಹೇಳಿಬಿಡಬೇಕು ಎಂದುಕೊಂಡೆ, ಮನೆಗೆ ಬಂದ ಮೇಲೆ ಸೌನಾ ಕಾಯಿಸಿದೆವು, ಮಕ್ಕಳಿದ್ದರು, ಹೇಳಲಾಗಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಐವತ್ತು ತುಂಬುತ್ತಾ ಬಂದ ಗಂಡಸಿಗೆ ಇಂಥ ಭಯ ಇರಬಾರದು. ಆದರೆ ಇದೆ.

ಜೂನ್ 14, ಶನಿವಾರ. ಸರೋವರದ ಕ್ಯಾಂಪು, ಜಾಗದ ನಂಬರ್ 31.

ಸುಪೀರಿಯರ್ ಸರೋವರ ಬಲಗಡೆಯೇ ಇದೆ. ಅಲೆಯ ಸದ್ದು, ಪೈನ್ ಮರದ ಅಂಟಿನ ವಾಸನೆ, ಪಕ್ಕದವರು ಮೀನು ಹುರಿಯುತ್ತಿದ್ದಾರೆ. ಗ್ಲೆಂಡ ನೂರಾ ಹತ್ತು ಮೈಲಿ ಓಡಿಸಿದಳು.

ಕ್ಯಾಂಪಿಗೆ ಹೊಸ ಟ್ರೇಲರ್ ಬಂದರೆ ಅದು ಊರಿಗೆಲ್ಲ ಬಿಟ್ಟಿ ನಾಟಕ. ಜನ ಮಡಚುವ ಕುರ್ಚಿ ತಿರುಗಿಸಿಕೊಂಡು ಕೂರುತ್ತಾರೆ. ಗಂಡ ಸ್ಟಿಯರಿಂಗ್ ಹಿಡಿದಿರುತ್ತಾನೆ, ಹೆಂಡತಿ ಹಿಂದೆ ನಿಂತು ಕೈ ಬೀಸುತ್ತಾಳೆ, ಐದು ನಿಮಿಷದಲ್ಲಿ ಇಬ್ಬರ ಜಗಳ ಶುರುವಾಗುತ್ತದೆ. ನಾನೂ ಎಷ್ಟು ಸಲ ಬಿಯರ್ ಹಿಡಿದು ಕೂತು ನಕ್ಕಿದ್ದೇನೆ. ಇವತ್ತು ಗ್ಲೆಂಡ ಒಳಗೆ, ನಾನು ಹಿಂದೆ.

"ಅಪ್ಪಾ, ನಾನು ನಿಂತ್ಕೊಳ್ಲಾ?" ಎಂದಳು ಕೈಸ.

"ಬೇಡ. ನೀನು ಟಿಲ್ಲಿ ಕೈ ಹಿಡ್ಕೊಂಡು ಆ ಮೇಜಿನ ಹತ್ರ ನಿಂತಿರು. ಅಲ್ಲಾಡಬೇಡಿ," ಎಂದೆ. ಹಿಂದೆ ನಿಲ್ಲುವ ಕೆಲಸವನ್ನಾದರೂ ಬಿಟ್ಟುಕೊಡಬಾರದೆಂಬ ಹಟ.

ಕೈ ಬೀಸಿದೆ. ಬಾ, ಬಾ, ಸ್ವಲ್ಪ ಎಡಕ್ಕೆ. ಎಡಗಡೆ ಏನಿದೆಯೆಂದು ನೋಡಲು ಪೂರ್ತಿ ತಿರುಗಬೇಕು, ತಿರುಗಿದರೆ ಬಲಗಡೆ ಇಲ್ಲವಾಗುತ್ತದೆ. ಹಿಂದಕ್ಕೆ ಇನ್ನೊಂದು ಹೆಜ್ಜೆ ಇಟ್ಟೆ. ಬೆಂಕಿ ಹಾಕುವ ಕಬ್ಬಿಣದ ಬಳೆಗೆ ಕಾಲು ತಾಗಿ, ಬೂದಿಯಲ್ಲಿ ಅಂಗಾತ ಬಿದ್ದೆ.

ಕಾರು ತಕ್ಷಣ ನಿಂತಿತು. ಟ್ರೇಲರ್ ಇನ್ನೊಂದು ಗೇಣೂ ಹಿಂದಕ್ಕೆ ಬರಲಿಲ್ಲ.

ಗ್ಲೆಂಡ ಇಳಿದು ಓಡಿಬಂದಳು. ಕುರ್ಚಿಯಲ್ಲಿದ್ದವರು ಯಾರೋ ಎದ್ದರು. "ಪೆಟ್ಟಾಯ್ತಾ? ಅರ್ವಿಡ್, ಮಾತಾಡೋ, ಪೆಟ್ಟಾಯ್ತಾ?"

"ನನಗೆ ಕಾಣಲ್ಲ ಗ್ಲೆಂಡ," ಎಂದೆ. ಮೆಲ್ಲಗೆ ಹೇಳಬೇಕೆಂದಿದ್ದೆ, ಕೂಗಿದ ಹಾಗೆ ಬಂತು. ಇಡೀ ಕ್ಯಾಂಪಿಗೆ ಕೇಳಿಸಿರಬೇಕು. "ಎಡಗಡೆ ಕಾಣಲ್ಲ, ಬಲಗಡೆ ಕಾಣಲ್ಲ. ಆವತ್ತು ಟಿಲ್ಲಿ ಕಾಣಲಿಲ್ಲ. ನನ್ನ ಮಗು ನನಗೆ ಕಾಣಲಿಲ್ಲ ಕಣೇ."

ಅವಳು ಬೂದಿಯಲ್ಲೇ ನನ್ನ ಪಕ್ಕ ಕೂತಳು. "ಗೊತ್ತು," ಎಂದಳು. "ಜನವರಿಯಿಂದ ಗೊತ್ತು. ಕಾಫಿ ಕಪ್ಪು ಪಕ್ಕದಲ್ಲಿಟ್ರೆ ನೀನು ಮೇಜೆಲ್ಲ ತಡಕಾಡ್ತಿದ್ದೆ. ಅದಕ್ಕೇ ನಿನ್ನ ಮೂಗಿನ ನೇರಕ್ಕೆ ಇಡೋಕೆ ಶುರು ಮಾಡ್ದೆ. ಅದೂ ತಿಳೀಲಿಲ್ವಾ ನಿನಗೆ, ದಡ್ಡಾ?"

"ಮತ್ತೆ ಯಾಕೆ ಸುಮ್ನಿದ್ದೆ?"

"ನೀನೇ ಹೇಳ್ಲಿ ಅಂತ. ಆವತ್ತು ಬರ್ನೀಸ್ ಬಯಲಲ್ಲಿ ನನಗೆ ಕೀಲಿ ಕೊಡದೆ ಇದ್ದಿದ್ರೆ ಕಿತ್ಕೊಳ್ತಿದ್ದೆ. ಆಣೆಗೂ ಕಿತ್ಕೊಳ್ತಿದ್ದೆ. ಅದಕ್ಕೆ ಮುಂಚೇನೇ ಕಿತ್ಕೋಬೇಕಿತ್ತು, ಅದು ನನ್ನ ತಪ್ಪು." ನನ್ನ ತೋಳಿನ ಬೂದಿ ಕೊಡವಿದಳು. "ನೀನು ಕೊಟ್ಟೆ. ಅದಕ್ಕೇ ಕಾದೆ."

ನಾನು ಅತ್ತುಬಿಟ್ಟೆ. ಅಷ್ಟು ಜನರ ಮುಂದೆ. ನಾಚಿಕೆಯಾಗಲಿಲ್ಲ.

ಆಮೇಲೆ ಅವಳು ಮೂಗು ಒರೆಸಿಕೊಂಡು ಎದ್ದಳು. "ಗಾಡಿ ಇನ್ನೂ ದಾರಿಗೆ ಅಡ್ಡ ನಿಂತಿದೆ. ಬದೀಗೆ ಬಂದು ಗಾಡಿಗೆ ಕೈ ಇಡು, ಹಿಂದೆ ನಿಲ್ಬೇಡ. ಕಣ್ಣು ಬೇಡ, ಕೈಯಲ್ಲಿ ಹೇಳು."

ಬದಿಯಲ್ಲಿ, ಅವಳ ಕನ್ನಡಿಗೆ ಕಾಣುವಂತೆ ನಿಂತೆ. ಒಂದು ಅಂಗೈ ಟ್ರೇಲರಿನ ಮೂಲೆಯ ಮೇಲೆ, ಇನ್ನೊಂದು ಕೈ ಮುಂದಕ್ಕೆ ಚಾಚಿ. ಅದು ಚಲಿಸಿತು, ಅದರೊಂದಿಗೆ ನಾನೂ ನಡೆದೆ. ಬೆರಳಿಗೆ ಪೈನ್ ಮರದ ತೊಗಟೆ ತಾಗಿತು. "ಮರ! ಎರಡು ಅಡಿ! ಕೈ ಬಲಕ್ಕೆ, ಸ್ವಲ್ಪ, ಮತ್ತೂ ಸ್ವಲ್ಪ!" ಟ್ರೇಲರ್ ನನ್ನ ಅಂಗೈಯಡಿಯಲ್ಲಿ ಮರದಿಂದ ದೂರ ಸರಿಯಿತು. ಕೊಕ್ಕೆಯ ಸದ್ದು ನೇರವಾಯಿತು. "ಸಾಕು!" ಎಂದೆ.

ಒಂದೇ ಸಲಕ್ಕೆ. ಇಪ್ಪತ್ತು ವರ್ಷದಲ್ಲಿ ನಾನು ಒಂದೇ ಸಲಕ್ಕೆ ನಿಲ್ಲಿಸಿದ್ದು ಎರಡೋ ಮೂರೋ ಬಾರಿ.

ಕುರ್ಚಿಯವರು ತಮ್ಮ ಕುರ್ಚಿಗಳನ್ನು ಸರೋವರದ ಕಡೆಗೆ ತಿರುಗಿಸಿಕೊಂಡರು. ಸಂಜೆ ಬಾಗಿಲ ಹತ್ತಿರ ಒಂದು ಹೊರೆ ಒಣ ಸೌದೆ ಇತ್ತು. ಯಾರು ಇಟ್ಟರೋ ತಿಳಿಯದು.

ಡಾಕ್ಟರ ಕಾಗದವನ್ನು ಗ್ಲೆಂಡಳಿಗೆ ಕೊಟ್ಟೆ. ಈ ಪುಸ್ತಕದ ಜೇಬು ಖಾಲಿ.

ಜೂನ್ 15

ಬೆಳಗ್ಗೆ ಬಾಗಿಲು ತೆರೆದರೆ ಹಿಡಿಯ ಪಕ್ಕದಲ್ಲೇ, ನನ್ನ ಸೊಂಟದೆತ್ತರಕ್ಕೆ ಒಂದು ಹಗ್ಗ ಕಟ್ಟಿತ್ತು. ಹೊಸ ನೀಲಿ ಹಗ್ಗ, ಬಿಗಿಯಾಗಿ ಎಳೆದು ಕಟ್ಟಿದ್ದು. ಇನ್ನೊಂದು ತುದಿ ಎಲ್ಲಿದೆಯೋ ಕಾಣಲಿಲ್ಲ.

"ಇದೇನು?" ಎಂದು ಕೇಳಿದೆ.

"ಟವೆಲ್ ಒಣಗಿಸೋಕೆ," ಎಂದಳು ಕೈಸ. ಬಾಯಿಬಡುಕಿ, ಅಷ್ಟೇ ಹೇಳಿ ಒಳಗೆ ಹೋದಳು.

ಬಿಂದಿಗೆ ತೆಗೆದುಕೊಂಡು ಹಗ್ಗದ ಮೇಲೆ ಕೈಯಾಡಿಸುತ್ತಾ ಹೋದೆ. ಮೂವತ್ತನಾಲ್ಕು ಹೆಜ್ಜೆ. ಹಗ್ಗ ಮುಗಿದಲ್ಲಿ ನಲ್ಲಿ ಇತ್ತು. ನೀರು ತುಂಬಿಸಿಕೊಂಡು ಬಂದು ಕಾಫಿಗೆ ಇಟ್ಟೆ.

ಮಧ್ಯಾಹ್ನ ಮೂವರೂ ಸರೋವರದಲ್ಲಿ ಈಜಿ ನಡುಗುತ್ತಾ ಬಂದರು. ಒದ್ದೆ ಟವೆಲುಗಳನ್ನು ಕಾರಿನ ಬಾಗಿಲ ಮೇಲೆ, ಮೇಜಿನ ಮೇಲೆ, ಪೈನ್ ಕೊಂಬೆಯ ಮೇಲೆ ಹರವಿದರು. ಹಗ್ಗದ ಮೇಲೆ ಯಾರೂ ಹಾಕಲಿಲ್ಲ.